ಭೂತಣ್ಣನ ಮುಖ

ಮುಖವಾಡವನ್ನು ಹಣೆಯಿಂದ ಗಲ್ಲದವರೆಗೆ ಯಾರೋ ಕೊಯ್ದಿದ್ದರು. ಬೆಳಿಗ್ಗೆ ಬಣ್ಣದ ಕೋಣೆಯ ಬಾಗಿಲು ತೆಗೆದ ನಿರ್ದೇಶಕ ಅದನ್ನು ಕಂಡು ಕುರ್ಚಿಯಲ್ಲಿ ಕುಸಿದ.

ಸಂಜೆಯೇ ಮೊದಲ ಪ್ರದರ್ಶನ. ಒಂದೇ ಟಿಕೆಟ್ಟಿಗೆ ಐದು ಕಿರುನಾಟಕ: ಎರಡು ವಿಜ್ಞಾನದ ಕಲ್ಪನೆಯವು, ಮೂರು ಮೈ ಜುಮ್ಮೆನ್ನಿಸುವಂಥವು. ಐದರಲ್ಲೂ ಬರುವುದು ಅದೇ ರಬ್ಬರ್ ಮುಖವಾಡದ ಮೃಗ. ಊರಿಗೆ ಊರೇ ಕಾಯುತ್ತಿತ್ತು. ಟಿಕೆಟ್ ಎಲ್ಲ ಖಾಲಿ.

ಪ್ರದರ್ಶನದ ಬಗ್ಗೆ ಬರೆಯಲು ಬಂದಿದ್ದ ವರದಿಗಾರ್ತಿ ಬಾಗಿಲಲ್ಲೇ ನಿಂತಿದ್ದಳು. ಮೂಗು ತೂರಿಸುವುದು ಅವಳ ಕೆಲಸವೂ ಹೌದು, ಚಟವೂ ಹೌದು.

"ಪೊಲೀಸರಿಗೆ ಹೇಳಿದ್ರಾ?"

"ರಬ್ಬರ್ ಹರಿದಿದೆ ಅಂತ ದೂರು ಕೊಟ್ರೆ ನಗ್ತಾರೆ ಮೇಡಂ. ಯಾರು ಅಂತ ನಂಗೊತ್ತು. ಆ ಕಥೆಗಾರ."

ಕಥೆಗಾರನ ನಾಟಕವನ್ನು ಕೊನೇ ಗಳಿಗೆಯಲ್ಲಿ ಕೈಬಿಟ್ಟಿದ್ದರು. ನಿನ್ನೆ ಅವನು ತಾಲೀಮಿನ ನಡುವೆ ನುಗ್ಗಿ, "ಅದು ಹೇಗೆ ಆಡ್ತೀರೋ ನಾನೂ ನೋಡ್ತೀನಿ" ಎಂದು ಕೂಗಾಡಿದ್ದ.

*

ವರದಿಗಾರ್ತಿಗೆ ಕಥೆಗಾರ ಮನೆಯಲ್ಲೇ ಸಿಕ್ಕ. ವಿಷಯ ಕೇಳಿ ಅವನ ಮುಖ ಇಳಿದುಹೋಯಿತು.

"ಹಾಗಾದ್ರೆ ಇವತ್ತು ನಾಟಕ ಇಲ್ವಾ? ಅಯ್ಯೋ, ಟಿಕೆಟ್ ತಗೊಂಡಿದ್ದೆ!"

"ನೀವಾ?"

"ಮತ್ತೆ? ನನ್ನದನ್ನ ಬಿಟ್ಟು ಆಡಿ ಅವರು ಮಣ್ಣು ಮುಕ್ಕೋದನ್ನ ಕಣ್ಣಾರೆ ನೋಡ್ಬೇಕಿತ್ತು."

ಹೊಟ್ಟೆಕಿಚ್ಚು ಇಷ್ಟು ಪ್ರಾಮಾಣಿಕವಾಗಿರುವುದನ್ನು ಅವಳು ಕಂಡಿರಲಿಲ್ಲ. ಇವನಲ್ಲ ಎಂದುಕೊಂಡು ಎದ್ದಳು.

*

ಬಣ್ಣದ ಕೋಣೆಯಲ್ಲಿ ಈಗ ಭೂತಣ್ಣನೂ ಇದ್ದ. ನಿರ್ದೇಶಕನ ಒಡಹುಟ್ಟಿದ ಅಣ್ಣ. ತಂಡದ ಯಾವ ನಾಟಕದಲ್ಲಿ ದೆವ್ವ ಬರಲಿ, ಮೃಗ ಬರಲಿ, ಒಳಗಿರುವವನು ಇವನೇ. ಪ್ರೇಕ್ಷಕರು ಇವನ ಮುಖ ಕಂಡವರಲ್ಲ.

ವರದಿಗಾರ್ತಿ ಮುಖವಾಡವನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ತಾಲೀಮು ಮುಗಿದ ಮೇಲೆ ಇದನ್ನ ಏನ್ಮಾಡ್ತೀರಿ ಭೂತಣ್ಣ?"

"ಒಳಗಿನ ಬೆವರು ಒರೆಸಿ ಪೌಡರ್ ಸವರ್ತೀನಿ. ಇಲ್ದಿದ್ರೆ ರಬ್ಬರ್ ಅಂಟ್ಕೊಳ್ಳುತ್ತೆ. ನಿನ್ನೇನೂ ಸವರಿ ಇಟ್ಟೇ ಮನೆಗೆ ಹೋದೆ."

"ಆಮೇಲೆ ಯಾರೋ ಬಂದು ಕೊಯ್ದರು?"

"ಹೂಂ. ಮತ್ತಿನ್ನೇನು?"

"ಹಾಗಿದ್ರೆ ಕೊಯ್ದ ಅಂಚಲ್ಲಿ ಬರೀ ರಬ್ಬರ್ ಕಾಣ್ಬೇಕಿತ್ತು. ಇಲ್ಲಿ ನೋಡಿ, ಅಂಚಿಗೂ ಬೆರಳಲ್ಲಿ ಪೌಡರ್ ಸವರಿದೆ. ಅಂದ್ರೆ ಮೊದಲು ಕೊಯ್ದದ್ದು, ಆಮೇಲೆ ಸವರಿದ್ದು. ಹಾಳು ಮಾಡೋಕೆ ಬಂದ ಹೊರಗಿನವನು ಅದನ್ನ ಜೋಪಾನ ಯಾಕೆ ಮಾಡ್ತಾನೆ?"

ಭೂತಣ್ಣ ತಲೆ ತಗ್ಗಿಸಿದ.

"ಇಷ್ಟು ವರ್ಷ ನನ್ನ ಮುಖದ ಮೇಲಿತ್ತಲ್ಲ. ಒದ್ದೆಯಾಗೇ ಬಿಟ್ಟು ಹೋಗೋಕೆ ಮನಸ್ಸು ಬರಲಿಲ್ಲ."

"ಅಣ್ಣಾ! ನೀನಾ?" ನಿರ್ದೇಶಕ ಎದ್ದು ನಿಂತ. "ಯಾಕೋ?"

"ಮುಖ ಕಾಣೋ ಪಾರ್ಟು ಕೊಡು ಅಂದ್ರೆ ಪ್ರತಿ ಸಲಾನೂ ಮುಂದಿನ ಸಲ, ಮುಂದಿನ ಸಲ ಅಂದೆ ನೀನು. ಮುಖವಾಡ ಇಲ್ದಿದ್ರೆ ಬಣ್ಣ ಹಚ್ಚಿಯಾದ್ರೂ ನನ್ನ ಕಳಿಸ್ತೀಯ ಅಂದ್ಕೊಂಡೆ. ಇವತ್ತು ಮಗಳು ಮೊದಲನೇ ಸಲ ನಾಟಕಕ್ಕೆ ಬರ್ತಿದಾಳೆ ಕಣೋ. ಅವಳಿಗೆ ನನ್ನ ಮುಖ ಕಾಣ್ಲಿ ಅಂತ..."

ನಿರ್ದೇಶಕ ಅಣ್ಣನನ್ನು ಅಪ್ಪಿಕೊಂಡಿದ್ದರೆ ಚೆನ್ನಾಗಿತ್ತು. ಆದರೆ ಅವನು ಹೊಲಿಗೆಯವಳನ್ನು ಕೂಗಿ ಅಂಟು ತರಿಸಿದ. ಲೈಟಿನವನನ್ನು ಕರೆದು ಭೂತಣ್ಣನ ಪಕ್ಕ ನಿಲ್ಲಿಸಿ ಎತ್ತರ ನೋಡಿದ.

"ಇವತ್ತು ಮೃಗ ನೀನು," ಎಂದ ಲೈಟಿನವನಿಗೆ. ಅಣ್ಣನ ಕಡೆ ತಿರುಗಲೂ ಇಲ್ಲ. "ನೀನು ಇನ್ಮುಂದೆ ತಂಡಕ್ಕೆ ಬರೋದು ಬೇಡ."

*

ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಅಂಟು ಹಚ್ಚಿದ ಮುಖವಾಡ ಕತ್ತಲಿಂದ ಹೊರಬಂದಾಗ ಜನ ಕಿರುಚಿದರು. ಒಳಗಿರುವವನು ಬೇರೆ ಎಂದು ಒಬ್ಬರಿಗೂ ತಿಳಿಯಲಿಲ್ಲ. ವರದಿಗಾರ್ತಿಗೆ ತನ್ನ ಜಾಣತನದ ಮೇಲೆಯೇ ಅಸಹ್ಯ ಹುಟ್ಟಿತು. ಅವಳ ಮುಂದಿನ ಸಾಲಿನಲ್ಲೇ ಭೂತಣ್ಣ ಕೂತಿದ್ದ. ಪಕ್ಕದಲ್ಲಿ ಮಗಳು, ಅವನ ತೋಳಿಗೆ ಜೋತುಬಿದ್ದು ಕಣ್ಣು ಮುಚ್ಚಿಕೊಂಡಿದ್ದಳು.

"ಅಪ್ಪಾ, ಇವತ್ತು ನಿಂಗೆ ಪಾರ್ಟು ಇಲ್ದೇ ಇದ್ದಿದ್ದೇ ಒಳ್ಳೇದಾಯ್ತು," ಅಂದಳು. "ಒಬ್ಳೇ ಕೂತಿದ್ರೆ ನಾನು ಹೆದರಿ ಸಾಯ್ತಿದ್ದೆ."