ಮಳವಳ್ಳಿ ಬೋರ್ಡು

ರವಿಚಂದ್ರನ ಅಂಗಡಿಗೆ ನಾನು ಮೊದಲ ಸಲ ಹೋದದ್ದು ಜಗಳವಾಡಲು.

ಮದ್ದೂರು ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಬಸ್ಸುಗಳ ಹೆಸರು ಕೂಗುವುದು ನನ್ನ ಕೆಲಸ. ಆ ದಿನ ಕೊಪ್ಪದ ಬಸ್ಸು ಬೋರ್ಡಿಲ್ಲದೆ ನಿಂತಿತ್ತು. ಬಂದವರೆಲ್ಲ ನನ್ನ ಕಿಟಕಿಗೆ ಮುಖವಿಟ್ಟು, "ಇದ್ ಎಲ್ಲಿಗ್ ಓಯ್ತದಮ್ಮ?" ಎಂದು ಕೇಳುವವರೇ. ಕೇಳಿ ಕೇಳಿ ಸಾಕಾಗಿ ಎದ್ದೆ. ಬೋರ್ಡು ಎದುರುಗಡೆಯ ಪೇಂಟರ್ ಹತ್ತಿರ ಇದೆಯೆಂದು ಡ್ರೈವರ್ ಹೇಳಿದ್ದ.

"ಒಂದು ಬೋರ್ಡ್ ಬರಿಯಕ್ಕೆ ಎಷ್ಟ್ ದಿನ ಬೇಕ್ರೀ ನಿಮ್ಗೆ?"

ಬಗ್ಗಿ ಕೂತಿದ್ದ ಮನುಷ್ಯ ತಲೆ ಎತ್ತಲಿಲ್ಲ. "ಬರ್ದಾಗದೆ ಮೇಡಂ. ಒಣಗ್ಬೇಕು. ನೀವ್ ಬೈದ್ರೆ ಬೇಗ ಒಣಗ್ತದಾ?" ಬ್ರಷ್ಷನ್ನು ಟರ್ಪೆಂಟೈನಿಗೆ ಅದ್ದುತ್ತಾ ಮತ್ತೆ ಹೇಳಿದ: "ಮೈಕಲ್ಲಿ ಕೇಳೋದ್ಕಿಂತ ಎದುರ್ಗೆ ನಿಮ್ ದನಿ ಚೆಂದಾಗದೆ. ಇವತ್ತು ಸುಸ್ತಾಗದೆ ಅಲ್ವಾ? ಬೆಳಿಗ್ಗೆ ಆತಗೂರು ಅಂದಾಗ್ಲೇ ಗೊತ್ತಾಯ್ತು."

ನನಗೆ ಮೂವತ್ತಾರು. ಮದುವೆ ಒಂದು ಆಗಿ, ಎರಡೇ ವರ್ಷಕ್ಕೆ ಮುಗಿದಿದೆ. ಅದರ ಬಗ್ಗೆ ಮಾತಾಡುವಷ್ಟು ಉಸಿರು ನನ್ನಲ್ಲಿ ಉಳಿದಿಲ್ಲ. ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿದ್ದೇನೆ. ಕೂಗಿ ಕೂಗಿ ಮನೆಗೆ ಹೋದರೆ "ಯಾಕ್ ಮೂತಿ ಊದಿಸ್ಕಂಡಿದ್ದೀಯೆ" ಎನ್ನುವವರಿದ್ದಾರೆ. ಸುಸ್ತಾಗಿದೆಯಾ ಎಂದು ಯಾರೂ ಕೇಳಿರಲಿಲ್ಲ. ತಂದಿದ್ದ ಜಗಳ ಗಂಟಲಲ್ಲೇ ಉಳಿಯಿತು.

ಅವನ ಮುಂದಿನ ತಗಡಿನ ಮೇಲೆ 'ಕೊಪ್ಪ' ಹಸಿಯಾಗಿ ಹೊಳೆಯುತ್ತಿತ್ತು. ನಾನು ದಿನಕ್ಕೆ ಇಪ್ಪತ್ತು ಸಲ ಕೂಗಿ ಗಾಳಿಗೆ ಬಿಡುವ ಹೆಸರು ಅಲ್ಲಿ ಸದ್ದಿಲ್ಲದೆ ಕೂತಿತ್ತು.

"ನಂಗೂ ಕಲಿಸ್ತೀರಾ?" ಎಂದೆ. ಬಾಯಿಂದ ಹಾಗೇ ಜಾರಿಹೋಯಿತು.

ಆಗ ತಲೆ ಎತ್ತಿದ. ನಲವತ್ತರ ಹತ್ತಿರದ ಮುಖ. ಗಡ್ಡದ ಬಿಳಿಯಲ್ಲಿ ನರೆ ಎಷ್ಟು, ಪೇಂಟು ಎಷ್ಟು ಎಂದು ಹೇಳುವುದು ಕಷ್ಟ. "ಕಲ್ತು ಏನ್ ಮಾಡೀರಿ? ಊರೆಲ್ಲಾ ಫ್ಲೆಕ್ಸ್ ಆಗೋಯ್ತು."

"ಬಾಯ್ ಮುಚ್ಕಂಡ್ ಮಾಡೋ ಕೆಲ್ಸ ಒಂದ್ ಬೇಕಾಗದೆ."

ಅವನು ನಕ್ಕ. ಕಣ್ಣಿನ ಪಕ್ಕದ ಗೆರೆಗಳೆಲ್ಲ ಒಟ್ಟಿಗೆ ನಕ್ಕವು. ನಾನು ಬೇಕೆಂದೇ ಬೋರ್ಡು ನೋಡಿದೆ.

ಎರಡು ಗಂಟೆಗೆ ಡ್ಯೂಟಿ ಮುಗಿಸಿ ನಾಲ್ಕರವರೆಗೆ ಅಲ್ಲಿರತೊಡಗಿದೆ. ಹದಿನೈದು ದಿನ ಅಕ್ಷರ ಮುಟ್ಟಗೊಡಲಿಲ್ಲ. ಹಳೇ ಪೇಪರಿನ ಮೇಲೆ ಬರೀ ಗೆರೆ, ಆಮೇಲೆ ಬರೀ ಸೊನ್ನೆ. ನನ್ನ ಸೊನ್ನೆಗಳು ಬದನೆಕಾಯಿಯ ಹಾಗೆ ಬಂದವು.

"ಅದ್ಯಾಕ್ ಬ್ರಷ್ಷ ಇಂಗ್ ಅದುಮ್ಕಂಡಿದ್ದೀರಿ? ಓಡೋಯ್ತದಾ?"

"ಓಡೋದೋರ್ನ ನೋಡಿವ್ನಿ. ಅದ್ಕೆ."

ಅವನು ತನ್ನ ಬ್ರಷ್ಷಿನ ಹಿಡಿಯಿಂದ ನನ್ನ ಹೆಬ್ಬೆರಳನ್ನು ಮೆಲ್ಲಗೆ ತಟ್ಟಿ ಸಡಿಲಿಸಿದ. ಕೈ ಮುಟ್ಟಲಿಲ್ಲ. ಮುಟ್ಟಿದ್ದರೆ ನಾನೇನೂ ಬೇಡ ಎನ್ನುತ್ತಿರಲಿಲ್ಲ.

ಬೋರ್ಡಿಗೆ ಮೊದಲು ಗೆರೆ ಹೊಡೆಯಬೇಕು. ನೀಲಿ ಅದ್ದಿದ ದಾರವನ್ನು ಎರಡೂ ತುದಿ ಬಿಗಿಯಾಗಿ ಹಿಡಿದು ನಡುವೆ ಮೀಟಿದರೆ ನೇರವಾಗಿ ಬೀಳುತ್ತದೆ. ಅದು ಇಬ್ಬರ ಕೆಲಸ. ಅವನು ಆ ಕಡೆಯ ತುದಿಯನ್ನು ಮೊಳೆಗೆ ಕಟ್ಟುತ್ತಿದ್ದ.

"ಇಡ್ಕಳೋಕೆ ಯಾರೂ ಇಲ್ವಾ ಮೇಷ್ಟ್ರೇ?"

"ಮೊಳೆ ಅದಲ್ವಾ. ರಜಾ ಕೇಳಲ್ಲ, ಸಿಟ್ ಮಾಡ್ಕಳಲ್ಲ."

ಅವನ ತಾಯಿ ಮರಿತಾಯಮ್ಮ ಎಂಟು ವರ್ಷ ಹಾಸಿಗೆ ಹಿಡಿದಿದ್ದರಂತೆ. ಅವರು ಹೋಗುವಷ್ಟರಲ್ಲಿ ಇವನಿಗೆ ಹೆಣ್ಣು ಹುಡುಕುವ ಉತ್ಸಾಹ ಯಾರಿಗೂ ಉಳಿದಿರಲಿಲ್ಲವಂತೆ. ಬಣ್ಣ ಕಲಕುತ್ತಾ, ಯಾರದೋ ಮನೆಯ ವಿಷಯದ ಹಾಗೆ ಹೇಳಿದ. ದಣಿದವರ ಕಷ್ಟ ದಣಿದವರಿಗೆ ಬೇಗ ತಿಳಿಯುತ್ತದೆ.

ಮೂರನೇ ತಿಂಗಳು ನನ್ನೂರಿನ ಹೆಸರನ್ನೇ ಬರೆದೆ, 'ಆತಗೂರು'. 'ಆ' ದೊಡ್ಡದಾಗಿ ಜಂಬದಿಂದ ಬಂತು. ಕೊನೆಗೆ ಬರುವಷ್ಟರಲ್ಲಿ ತಗಡೇ ಮುಗಿದುಹೋಯಿತು.

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಪಾಪ, ಕೊನೇ ಅಕ್ಸರ ಫುಟ್‌ಬೋರ್ಡಲ್ಲಿ ನೇತಾಡ್ತಾ ಅದೆ!" ಆಮೇಲೆ ಕಲಿಸಿದ: "ಎಡಗಡೆಯಿಂದ ಯಾವತ್ತೂ ಸುರು ಮಾಡ್ಬ್ಯಾಡಿ. ಅಕ್ಸರ ಎಣ್ಸಿ, ನಡುವಿಗೆ ಗುರ್ತಾಕಿ, ಅಲ್ಲಿಂದ ಎರಡೂ ಕಡೆಗೆ ಓಗ್ಬೇಕು. ಎಡಗಡೆಯಿಂದ ಬರಿಯೋರು ಒಸಬ್ರು. ಮುಂದೆ ಜಾಗ ಅದಾ ಇಲ್ವಾ ನೋಡಲ್ಲ."

"ನೀವ್ ಯಾವತ್ತೂ ತಪ್ಪಿಲ್ವಾ?"

"ಇಪ್ಪತ್ ವರ್ಸ ಆಯ್ತು ಮೇಡಂ. ಒಂದ್ ಸಲಾನೂ ಇಲ್ಲ."

ನನ್ನನ್ನು ಮಳವಳ್ಳಿಗೆ ವರ್ಗ ಮಾಡಿದ ಕಾಗದ ಬಂದದ್ದು ಅದಾದ ವಾರಕ್ಕೆ.

ಬ್ರಷ್ಷು ತೊಳೆಯುತ್ತಾ ಅವನಿಗೆ ಹೇಳಿದೆ. ಅಲ್ಲಿ ಸೋಮಮ್ಮ ಎಂಬವರ ಮನೆ ನೋಡಿದ್ದೇನೆ, ಶನಿವಾರ ಸಂಜೆಯೊಳಗೆ ಬರ್ತೀನೋ ಇಲ್ಲವೋ ಹೇಳಬೇಕು, ಹೋದರೆ ಇತ್ತ ಬರುವುದಕ್ಕೆ ನನಗೆ ಕಾರಣವೂ ಇರುವುದಿಲ್ಲ ಎಂದೆ. ಎಷ್ಟು ಬಿಡಿಸಿ ಹೇಳಬಹುದೋ ಅಷ್ಟು ಬಿಡಿಸಿಯೇ ಹೇಳಿದ್ದೆ.

"ಒಳ್ಳೇದಾಯ್ತು ಬುಡಿ. ಮಳವಳ್ಳಿ ಒಳ್ಳೇ ಊರು," ಎಂದ.

ಅಷ್ಟೇ. ಸಿಟ್ಟು ಬಂತು, ಅಳುವೂ ಬಂತು. ಎರಡಕ್ಕೂ ತ್ರಾಣವಿಲ್ಲದೆ ಮನೆಗೆ ಹೋಗಿ ಮಲಗಿದೆ. ನಾಲ್ಕು ದಿನ ಆ ಕಡೆ ತಲೆ ಹಾಕಲಿಲ್ಲ. ಮೈಕಿನಲ್ಲಿ ಮಾತ್ರ ಊರುಗಳ ಹೆಸರನ್ನು ಎಂದಿಗಿಂತ ಗಟ್ಟಿಯಾಗಿ ಕೂಗಿದೆ. ಕೇಳಲಿ, ಬೇಕಾದರೆ.

ಶನಿವಾರ ಮಧ್ಯಾಹ್ನ, ಕಲಿಯಲು ಕೊಟ್ಟಿದ್ದ ಬ್ರಷ್ಷನ್ನು ವಾಪಸು ಕೊಡಲು ಹೋದೆ. ಅದು ನೆಪ ಎಂದು ನನಗೂ ಗೊತ್ತಿತ್ತು.

ಅವನು ಮಣೆಯ ಮೇಲೆ ಸುಮ್ಮನೆ ಕೂತಿದ್ದ. ಮುಂದೆ ತಗಡು. ಅದರ ಮೇಲೆ 'ಮಳವಳ್ಳಿ'. ಮೊದಲ ಮೂರು ಅಕ್ಷರ ಕೈಕಾಲು ಚಾಚಿ ಕೂತಿದ್ದವು. ಕೊನೆಯದು ಅಂಚಿಗೆ ಒತ್ತಿಕೊಂಡು, ಉಸಿರುಗಟ್ಟಿ ನಿಂತಿತ್ತು.

ತುಂಬ ಹೊತ್ತು ನೋಡಿದೆ. "ಎಡಗಡೆಯಿಂದ ಸುರು ಮಾಡಿದ್ರಾ?"

"ಊಂ."

"ಇಪ್ಪತ್ ವರ್ಸ ಆಯ್ತು ಅಂದ್ರಿ."

"ಆ ಎಸ್ರು ಬರಿಯಕ್ಕೆ ಕೈ ಬರ್ನಿಲ್ಲ ನಾಗಶ್ರೀ," ಎಂದ. ಮೇಡಂ ಎನ್ನಲಿಲ್ಲ. "ನಡುವು ಉಡುಕೋಷ್ಟು ತಾಳ್ಮೆ ಇರ್ನಿಲ್ಲ. ಬೇಗ ಮುಗುದ್ರೆ ಸಾಕು ಅನ್ಸಿ ಸುರು ಮಾಡ್ಬುಟ್ಟೆ."

ನಾನು ಬ್ರಷ್ಷನ್ನು ಕೆಳಗಿಟ್ಟೆ. "ದಿನಾ ಕೂಗೋದು ನನ್ ಕೆಲ್ಸ. ನಂಗೆ ಸಾಕಾಗೋಗದೆ. ಇದೊಂದ್ ಮಾತ್ನ ನೀವ್ ಬಾಯ್ಬುಟ್ಟು ಏಳಿ."

ಅವನು ಬಟ್ಟೆಯಲ್ಲಿ ಕೈ ಒರೆಸಿದ. ಒರೆಸಿದ ಕೈಯನ್ನೇ ಮತ್ತೆ ಒರೆಸಿದ. "ನಾನ್ ಬೋರ್ಡ್ ಬರಿಯೋನು. ಇವತ್ ಕೆಲ್ಸ ಅದೆ, ನಾಳೆ ಇಲ್ಲ. ನಿಮ್ಮನ್ನ ಕಟ್ಟಾಕೋಕೆ ಯಾವ್ ಮೊಕ ಅದೆ ಅಂತ ಸುಮ್ನಾದೆ. ಮಳವಳ್ಳಿಗೆ ಕೆಲ್ಸಕ್ ಓಗಿ. ಸಂಜೆಗ್ ಬಂದ್ಬುಡಿ. ದಿನಾ. ನನ್ ಮನೆಗೆ. ಮದ್ವೆ ಆಗಿ."

ಮೂರು ತಿಂಗಳಲ್ಲಿ ಅವನು ತನಗಾಗಿ ಆಡಿದ ಮೊದಲ ಮಾತು ಅದು. ಆಡಿ ಸುಸ್ತಾದವನಂತೆ ತಲೆ ತಗ್ಗಿಸಿದ.

ನಾನು ಫೋನು ತೆಗೆದೆ. "ಸೋಮಮ್ಮನೋರಾ? ನಾಗಶ್ರೀ ಕಣಮ್ಮ, ಮದ್ದೂರಿಂದ. ಮನೆ ಬ್ಯಾಡ. ಇಲ್ಲಿಂದ್ಲೇ ಓಡಾಡ್ತೀನಿ."

ಅವನು ಕತ್ತೆತ್ತಿ ನೋಡಿದ. ಆ ನೋಟವನ್ನು ತಡೆಯಲಾಗದೆ ಮೈಕಿನ ದನಿಯಲ್ಲಿ ಹೇಳಿದೆ: "ಪ್ರಯಾಣಿಕರ ಗಮನಕ್ಕೆ. ಮಳವಳ್ಳಿಯಿಂದ ನಾಲ್ಕೂವರೆಗೆ ಹೊರಡುವ ಬಸ್ಸು ಐದೂ ಕಾಲಿಗೆ ಮದ್ದೂರಿಗೆ ಬರುತ್ತದೆ."

"ನಿಂತಿರ್ತೀನಿ," ಎಂದ.

ಟರ್ಪೆಂಟೈನ್ ಬಟ್ಟೆಯಿಂದ ಇಬ್ಬರೂ ಸೇರಿ ತಗಡು ಒರೆಸಿದೆವು. ಅವನು ಅಭ್ಯಾಸಬಲದಿಂದ ದಾರವನ್ನು ಮೊಳೆಗೆ ಕಟ್ಟಹೋದ. ಕಿತ್ತುಕೊಂಡು ಆ ತುದಿ ನಾನು ಹಿಡಿದೆ. ಅವನು ನಡುವೆ ಮೀಟಿದ. ಗೆರೆ ನೇರವಾಗಿ ಬಿತ್ತು.

ಅವನು ಮೊಳೆ ಕಿತ್ತು ಜೇಬಿಗೆ ಹಾಕಿಕೊಂಡ.

"ಇರ್ಲಿ ಬುಡಿ ಅದು," ಎಂದೆ. "ಸೋಮವಾರದಿಂದ ನಾನ್ ಮಳವಳ್ಳಿಲಿರ್ತೀನಿ. ಮಧ್ಯಾಹ್ನ ಯಾರ್ ಇಡ್ಕತಾರೆ?"

"ಐದೂ ಕಾಲ್ ಗಂಟೆವರ್ಗೂ ನಾನ್ ಗೆರೆ ಒಡಿಯಲ್ಲ," ಎಂದ.