ಅಕ್ಕವ್ವನ ತಲೆಯೊಳಗಿನ ತಂತಿ

ಜುಗೂಳದ ಕಬ್ಬಿನ ಹೊಲದ ಕಾಲುವೆಯಲ್ಲಿ ಅಕ್ಕವ್ವ ಬೋರಲಾಗಿ ಬಿದ್ದಿದ್ದಳು. ಹಣೆಯಲ್ಲಿ ಗಾಯ. ಪಕ್ಕದ ಕಲ್ಲಿಗೆ ರಕ್ತ. ವಯಸ್ಸು ನಲವತ್ತೂ ಆಗಿರಲಿಲ್ಲ.

“ಕುರಿ ಕಾಯೋ ಮಲಕಾರಿ ಕೋಲಿಲೆ ಹೊಡದಾನ. ನಾನ ಕಂಡೇನ್ರಿ,” ಎಂದ ಗಂಡ ವಿರುಪಾಕ್ಷಪ್ಪ. “ಕುರಿ ಕಬ್ಬಿನ್ಯಾಗ ಹೊಕ್ಕಿದ್ವು. ಈಕಿ ಬೈದ್ಲು.”

ಹವಾಲ್ದಾರ ಗುರಪ್ಪ ಬರೆದುಕೊಂಡ. “ಆಕಿಗೆ ಜಡ್ಡು ಏನಾರ ಇತ್ತೇನ್ರಿ, ಗೌಡ್ರ?”

“ಗಟ್ಟಿ ಹೆಣ್ಮಗಳು. ದವಾಖಾನಿ ಮೆಟ್ಟಲಾ ಸೈತ ಹತ್ತಿಲ್ರಿ.”

* * *

“ಹಣೆಯ ಗಾಯ ಚರ್ಮಕ್ಕಷ್ಟೇ. ಬಿದ್ದಾಗ ಆದದ್ದು,” ಎಂದರು ಶವಪರೀಕ್ಷೆ ಮಾಡಿದ ಡಾಕ್ಟರು. “ಮಿದುಳಿನ ರಕ್ತನಾಳ ಒಡೆದಿದೆ. ಆದರೆ ಇದನ್ನು ನೋಡಿ.”

ಚಿಮಟದ ತುದಿಯಲ್ಲಿ ಕೂದಲಿನಷ್ಟು ಸಣ್ಣ ತಂತಿಯ ಸುರುಳಿ.

“ತಲೆಯೊಳಗಿತ್ತು. ತಲೆಗೆ ಹೊಲಿಗೆ ಗುರುತೇ ಇಲ್ಲ. ತೊಡೆಯ ಸಂದಿಯಲ್ಲಿ ಮಾತ್ರ ಚುಚ್ಚಿದ ಹಳೆ ಕಲೆ.”

ಸುದ್ದಿ ಊರು ಮುಟ್ಟಿತು. ಮಲಕಾರಿ ಮಾಟ ಮಾಡಿಸಿದ ಎಂದರು ಜನ. ಕೊಲೆ ಕೇಸು, ಲಾಕಪ್ಪಿನಲ್ಲಿರೋ ಮಲಕಾರಿ ನಾಳೆ ಕೋರ್ಟಿಗೆ ಎಂದರು ಠಾಣೆಯ ಫೌಜದಾರರು.

“ನನ್ನ ಗಂಡಗ ಬೇಲಿಗಿ ತಂತಿ ಕಟ್ಟಾಕ ಬರೂದಿಲ್ರಿ, ತಲಿಯಾಗ ಹೆಂಗ ಕಟ್ಟತಾನ?” ಎಂದಳು ಠಾಣೆ ಮೆಟ್ಟಿಲಲ್ಲಿ ಕೂತ ಮಲಕಾರಿಯ ಹೆಂಡತಿ ಸತ್ತೆವ್ವ.

ಗುರಪ್ಪ ಫೌಜದಾರರಂತೆಯೇ ಕೆಮ್ಮಿ, ಅವರದೇ ದನಿಯಲ್ಲಿ “ತನಿಖೆ ನಡದೈತಿ!” ಎಂದು ಗುಡುಗಿದ. ಇಡೀ ಠಾಣೆ ನಗುವ ಮಿಮಿಕ್ರಿ ಅದು. ಸತ್ತೆವ್ವ ನಗಲಿಲ್ಲ.

ಅವನು ಮಲಕಾರಿಯ ಕಂಬಳಿಗಂಟು ಬಿಚ್ಚಿದ. ಎಕ್ಸ್‌ರೇಯಂಥ ಕರಿ ಫಿಲ್ಮಿನ ತುಂಡೊಂದು ಉದುರಿತು.

“ಇದೇನ್ಲೇ?”

“ಹ್ವಾದ ತಿಂಗಳ ಗ್ರಹಣಾ ನೋಡಾಕ ಗೌಡ್ರು ಕತ್ತರಿಸಿ ಕೊಟ್ಟಿದ್ರು. ಮೋಡಾ ಮುಚ್ಚಿತ್ತು. ಏನೂ ಕಾಣಲಿಲ್ರಿ.”

ಗುರಪ್ಪ ಅದನ್ನು ಬಿಸಿಲಿಗೆ ಹಿಡಿದ. ಅವನಿಗೆ ಕಂಡಿತು. ಬಳ್ಳಿಯಂತೆ ಕವಲೊಡೆದ ರಕ್ತನಾಳಗಳು. ಒಂದು ಕವಲಿಗೆ ದ್ರಾಕ್ಷಿಯಂಥ ಉಬ್ಬು. ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಅಕ್ಕವ್ವನ ಹೆಸರು, ಮುಂಬೈಯ ಆಸ್ಪತ್ರೆಯೊಂದರ ಹೆಸರು.

ಅವನು ಡಾಕ್ಟರರಿಂದ ಮುಂಬೈಗೆ ಫೋನ್ ಮಾಡಿಸಿದ.

* * *

“ದವಾಖಾನಿ ಮೆಟ್ಟಲಾ ಹತ್ತಿಲ್ಲ ಅಂದ್ರಿ. ಈ ಫಿಲ್ಮು ಯಾರದ್ರಿ, ಗೌಡ್ರ?”

ವಿರುಪಾಕ್ಷಪ್ಪನ ಮುಂದೆ ಫಿಲ್ಮು ಇಟ್ಟು, ಗುರಪ್ಪ ಮುಂಬೈಯಿಂದ ತಿಳಿದದ್ದನ್ನು ಹೇಳಿದ.

“ಸೈಕಲ್ ಟ್ಯೂಬ್ ಉಬ್ಬಿದಂಗ ತಲಿಯಾಗಿನ ನರಾ ಉಬ್ಬಿತ್ತು. ತೊಡಿಯಿಂದ ನಳಿಗಿ ಏರಿಸಿ, ಉಬ್ಬಿನ್ಯಾಗ ತಂತಿ ತುಂಬ್ಯಾರ. ಉಬ್ಬಿನ ಬಾಯಿ ಅಗಲ. ಒಮ್ಮೆಲೆ ತುಂಬಾಕ ಆಗಲಿಲ್ಲ. ಉಳದದ್ದಕ್ಕ ಬರ್ರಿ ಅಂತ ನಿಮ್ಮ ಹೆಸರಿಗೆ ಮೂರು ಕಾಗದಾ ಹಾಕ್ಯಾರ. ಎಲ್ಲಿ ಅವು?”

“ಒಲಿಗೆ ಹಾಕೇನ್ರಿ,” ಎಂದ ವಿರುಪಾಕ್ಷಪ್ಪ. “ಬ್ಯಾನಿ ತಲಿಯಾಗ, ತೂತು ತೊಡಿಯಾಗ! ತಲಿಗೆ ಒಂದ ಹೊಲಿಗಿ ಇಲ್ಲ. ಮುಂಬೈದವರು ಮೋಸಾ ಮಾಡ್ಯಾರ ಅಂದ್ಕೊಂಡ್ನಿ. ಆಕಿ ಬಿದ್ದ ಮ್ಯಾಲ ಅವರು ಹೇಳಿದ್ದು ಖರೆ ಅಂತ ತಿಳೀತು. ಯಾಕ ಮತ್ತ ತೋರಸಲಿಲ್ಲ ಅಂತ ಜನಾ ನನಗ ಕೇಳ್ತಾರಂತ ಹೆದರಿ ಮಲಕಾರಿ ಹೆಸರ ಹೇಳಿದ್ನಿ.”

ಗುರಪ್ಪ ಲಾಕಪ್ ತೆರೆದ. ಮಲಕಾರಿ ಹೊರಗೆ ಬಂದ. ಗೌಡನ ಮುಖ ನೋಡಿದ. ಕಂಬಳಿ ಹೆಗಲಿಗೇರಿಸಿ, ಸತ್ತೆವ್ವನ ಹಿಂದೆ ನಡೆದ.

ವಿರುಪಾಕ್ಷಪ್ಪ ಹೇಳಿಕೆಗೆ ಸಹಿ ಹಾಕಿ ಪೆನ್ನು ಕೆಳಗಿಟ್ಟ.

“ಹವಾಲ್ದಾರ್ರ, ನೀವು ಎಲ್ಲಾರ ದನಿ ತಗೀತೀರಂತ. ಆಕಿ ದಿನಾ ಕೇಳ್ತಿದ್ಲು, ‘ಕಾಗದಾ ಬಂತೇನ್ರೀ’ ಅಂತ. ಒಮ್ಮೆ ಆಕಿ ದನಿಯಾಗ ಹಂಗ ಅನ್ರಿ. ಈ ಸಲ ‘ಬಂದೈತಿ’ ಅಂತೇನಿ.”

ಗುರಪ್ಪ ಬಾಯಿ ತೆರೆದ. ಅಕ್ಕವ್ವ ಮಾತಾಡಿದ್ದನ್ನು ಅವನು ಒಮ್ಮೆಯೂ ಕೇಳಿರಲಿಲ್ಲ.