ಗ್ಯಾಸ್ ಅಲ್ರೀ, ಹಾರ್ಟ್!

ವಡಾಲ ಸ್ಟೇಷನ್ನಿನ ಸೇತುವೆ ಹತ್ತುತ್ತಿದ್ದ ಶುಭಾಂಗಿ ಗಕ್ಕನೆ ತಿರುಗಿ ನಿಂತಳು. ವಾರದಿಂದ ಶಿವಪುತ್ರ ಬೇಕೆಂದೇ ಹಿಂದೆ ಉಳಿಯುತ್ತಿದ್ದಾನೆ ಎಂದು ಅವಳಿಗೆ ಸಿಟ್ಟು.

ಅವಳು ಬೆಳಗಾವಿಯವಳು, ಅವನು ವಿಜಯಪುರದವನು. ಇಬ್ಬರಿಗೂ ಕೆಲಸ ವಿಲೆ ಪಾರ್ಲೆಯಲ್ಲಿ. ಅವಳಿಗೆ ಕಾಲೇಜಿನ ಲೈಬ್ರರಿ, ಅವನಿಗೆ ಕಾರ್ಗೋ ಆಫೀಸು. ನಲವತ್ತು ದಾಟಿದ ಆ ಒಂಟಿ ಜೀವಗಳಿಗೆ ಲೋಕಲ್ ರೈಲು ಬರುವ ತನಕದ ಹರಟೆಯೇ ಹಬ್ಬ.

“ನನ್ನ ಜೋಡಿ ನಡೀಲಿಕ್ಕೆ ನಾಚಿಕೀ ಏನ್ರಿ?”

ಅವನು ಕಂಬಿ ಹಿಡಿದು ನಿಂತಿದ್ದ. ಹಣೆ ಬೆವರಿತ್ತು. “ಛೇ, ನಾಚಿಕೀ ಯಾಕ್ರಿ? ಮೆಟ್ಟಲ ಹತ್ತಿದ್ರ ಎದಿ ಮ್ಯಾಲ ಯಾರೋ ಕುಂತಂಗ ಆಗ್ತದ. ನಿಂತ್ರ ಹೋಗ್ತದ. ಗ್ಯಾಸ್.”

ಅವಳ ಮುನಿಸು ಅಲ್ಲೇ ಇಳಿಯಿತು. “ಕೈಗೂ ಬರ್ತದೇನು?”

“ಎಡಗೈ ಜಡ ಆಗ್ತದ. ದವಡಿನೂ ಜಗ್ತದ. ನಿಮಗ ಹ್ಯಾಂಗ ಗೊತ್ತು?”

“ನಮ್ಮ ಕಾಕಾಗ ಹಿಂಗ ಆಗಿತ್ತು. ಗ್ಯಾಸ್ ಅಲ್ರೀ, ಹಾರ್ಟ್! ಮೊದಲಿಗಿಂತ ಜಾಸ್ತಿ ಆಗೇದೇನು?”

“ಈಗೀಗ ಸ್ವಲ್ಪ ನಡದ್ರೂ ಬರ್ತದ.”

“ಹಂಗಾರ ಆಫೀಸ್ ಬ್ಯಾಡ. ಈಗಿಂದೀಗ ದವಾಖಾನಿಗೆ.”

ಟ್ಯಾಕ್ಸಿಯಲ್ಲಿ ಅವಳು ಮೊದಲ ಸಲ ಅವನ ಕೈ ಹಿಡಿದಳು. ಅವನು ಆ ಕೈಯನ್ನೇ ನೋಡಿದ. ಅವಳು ಕಿಟಕಿಯಾಚೆ ನೋಡಿದಳು.

ಇಸಿಜಿ ಸರಿಯಾಗಿಯೇ ಬಂತು. “ನಾ ಹೇಳಿರಲಿಲ್ಲಾ?” ಎಂದು ಅವನು ಶರ್ಟಿನ ಗುಂಡಿ ಹಾಕಿಕೊಳ್ಳತೊಡಗಿದ. ಶುಭಾಂಗಿ ಬಿಡಲಿಲ್ಲ. ಕೂತಾಗ ಏನೂ ಇಲ್ಲ, ಹತ್ತಿದರೆ ನೋವು, ನಿಂತರೆ ಮಾಯ, ದಿನದಿನಕ್ಕೆ ಹೆಚ್ಚು ಎಂದು ಡಾಕ್ಟರಿಗೆ ಮರಾಠಿಯಲ್ಲಿ ಬಿಡಿಸಿ ಹೇಳಿದಳು.

ಡಾಕ್ಟರು ತಲೆಯೆತ್ತಿದರು. “ಹಾಗಾದರೆ ಇವರನ್ನು ಮನೆಗೆ ಕಳಿಸುವುದಿಲ್ಲ.”

ಆಂಜಿಯೋಗ್ರಫಿಯಲ್ಲಿ ಹೃದಯದ ದೊಡ್ಡ ರಕ್ತನಾಳವೊಂದು ಬಹುತೇಕ ಮುಚ್ಚಿರುವುದು ಕಂಡಿತು. ಸ್ಟೆಂಟ್ ಹಾಕಿದರು. “ಅಟ್ಯಾಕ್ ಆಗುವ ಮುಂಚೆಯೇ ಕರೆತಂದಿರಿ. ಗೆದ್ದಿರಿ,” ಎಂದರು ಡಾಕ್ಟರು.

ಮರುದಿನ ವಾರ್ಡಿನಲ್ಲಿ ಅವಳು ಮೂಸಂಬಿ ಸುಲಿಯುತ್ತಿದ್ದಳು.

“ಶುಭಾಂಗಿ, ಗ್ಯಾಸ್ ಅಂದದ್ದು ಸುಳ್ಳು. ಮುಂಜಾನೆ ನಿಮ್ಮನ್ನ ನೋಡಿದ್ರ ನನ್ನ ಎದಿ ಡವಡವ ಅಂತಿತ್ತು. ನೋವೂ ಅದರದೇ ಅಂದ್ಕೊಂಡಿದ್ದೆ.”

ಅವಳ ಬೆರಳು ನಿಂತಿತು. “ಈಗ?”

“ನೋವು ಹೋತು. ಡವಡವ ಹಂಗ ಅದ.”

ನಗುವನ್ನು ತಡೆಯಲು ಅವಳು ತುಟಿ ಕಚ್ಚಿದಳು. ಕಣ್ಣು ಮಾತ್ರ ತುಂಬಿ ಬಂತು. “ಅದಕ್ಕ ಸ್ಟೆಂಟ್ ನಡ್ಯಂಗಿಲ್ರಿ. ಲಗ್ನಾನ ಆಗಬೇಕು.”

“ನೀವು ಒಪ್ಪತೀರೇನು?”

“ಒಪ್ಪದ ನಿಮ್ಮ ಬೆನ್ನ ಹತ್ತಿ ಇಲ್ಲೀತನಕ ಬಂದೀನೇನು?”

ಶಿವಪುತ್ರ ಎದ್ದು ಕೂತ. ಎದೆ ತುಂಬ ಉಸಿರೆಳೆದುಕೊಂಡು, ಇಡೀ ವಾರ್ಡು ತಿರುಗಿ ನೋಡುವಂತೆ ನಕ್ಕ. ಎಲ್ಲೂ ನೋಯಲಿಲ್ಲ.